ಡೇವಿಸ್‌ನ ವಿಲೇಜ್ ಹೋಮ್ಸ್: ಮಳೆ ಚರಂಡಿ ಇಲ್ಲದ ಲೇಔಟ್ 50 ವರ್ಷ ಹೇಗೆ ನಡೀತು?

ಸೈಟ್‌ಪ್ಲಾನ್

ಕ್ಯಾಲಿಫೋರ್ನಿಯಾದ ಡೇವಿಸ್ ಊರಲ್ಲಿ ವಿಲೇಜ್ ಹೋಮ್ಸ್ ಅಂತ ಒಂದು ಬಡಾವಣೆ ಇದೆ. ಮೈಕೆಲ್ ಮತ್ತು ಜೂಡಿ ಕಾರ್ಬೆಟ್ ದಂಪತಿ 1975ರಲ್ಲಿ ಕೆಲಸ ಶುರು ಮಾಡಿದ್ರು, 80ರ ದಶಕದ ಆರಂಭಕ್ಕೆ ಮುಗಿಸಿದ್ರು. ಸುಮಾರು 70 ಎಕರೆ, 220ರ ಮೇಲೆ ಸ್ವಂತ ಮನೆ, ಜೊತೆಗೆ ಒಂದಷ್ಟು ಅಪಾರ್ಟ್‌ಮೆಂಟ್. ರಸ್ತೆ ಪಕ್ಕ ಬಾಕ್ಸ್ ಚರಂಡಿ ಇಲ್ಲ. ಹಿತ್ತಲಿಗೆ ಕಾಂಪೌಂಡ್ ಇಲ್ಲ. ರಸ್ತೆ ನಮ್ಮ 30 ಅಡಿ ರಸ್ತೆಗಿಂತ ಕಿರಿದು.

ಕೇಳಬೇಕಾಗಿರೋದು ಎರಡೇ. ಮಳೆನೀರು ಅಲ್ಲಿ ನಿಜಕ್ಕೂ ಹೇಗೆ ಹರಿಯುತ್ತೆ? ಇಷ್ಟು ಚೆನ್ನಾಗಿ ನಡೀತಿದ್ರೆ ಅಮೆರಿಕದಲ್ಲೇ ಇದು ಯಾಕೆ ಊರೂರಿಗೆ ಹಬ್ಬಲಿಲ್ಲ? "ಎಷ್ಟು ಹಸಿರು, ಎಷ್ಟು ಚೆಂದ" ಅನ್ನೋದು ಫೋಟೋ ನೋಡಿದ್ರೆ ಗೊತ್ತಾಗುತ್ತೆ. ಲೆವೆಲ್ಲು, ಅಳತೆ, ಖರ್ಚು ಯಾರ ತಲೆ ಮೇಲೆ ಅನ್ನೋದನ್ನ ಹೇಳಿ.

ಮಳೆಲೆಕ್ಕ

ಮೊದಲು ಒಂದು ತಿದ್ದುಪಡಿ. ಕೊಳಚೆ ನೀರಿಗೆ ಮಾಮೂಲಿ ಪೈಪ್‌ಲೈನ್ ಇದ್ದೇ ಇದೆ. ಇಲ್ಲದಿರೋದು ಮಳೆನೀರಿನ ನೆಲದಡಿ ಪೈಪ್ ಜಾಲ ಮಾತ್ರ. ಇಂಗಿ ಉಳಿದ ನೀರು ಕೊನೆಗೆ ಊರಿನ ವ್ಯವಸ್ಥೆಗೇ ಸೇರೋದು, ಆದ್ರೆ ತಡವಾಗಿ ಸೇರುತ್ತೆ, ಕಡಿಮೆ ಸೇರುತ್ತೆ. ಆ ತಡದಲ್ಲೇ ಇರೋದು ಎಲ್ಲಾ.

ಈಗ ನೀರಿನ ದಾರಿ. ಮಾಮೂಲಿ ಲೇಔಟ್‌ನಲ್ಲಿ ಸೈಟಿನ ವಾಟ, ಅಂದ್ರೆ ಇಳಿಜಾರು, ರಸ್ತೆ ಕಡೆಗೆ. ನೀರು ರಸ್ತೆಗೆ ಬಂದು ಮೋರಿಗೆ ಬೀಳುತ್ತೆ. ಇಲ್ಲಿ ಉಲ್ಟಾ. ಸೈಟಿನ ನೀರು ರಸ್ತೆಗೆ ಬೆನ್ನು ಮಾಡಿ ಹಿತ್ತಲ ಕಡೆ ಹೋಗುತ್ತೆ. ಎರಡು ಸಾಲು ಮನೆಗಳ ನಡುವೆ ಎಲ್ಲರಿಗೂ ಸೇರಿದ ಪಟ್ಟಿ ಜಾಗ, ಅದರ ನಡುವೆ ಅಗಲವಾದ, ಆಳ ಇಲ್ಲದ ಹುಲ್ಲುಗಾಲುವೆ. ಅಲ್ಲಲ್ಲಿ ಕಿರು ಒಡ್ಡು. ಚಿಕ್ಕ ಕಾಲುವೆಗಳು ದೊಡ್ಡದಕ್ಕೆ ಸೇರುತ್ತವೆ. ದೊಡ್ಡದು ನೋಡೋಕೆ ಒಣಗಿದ ಹಳ್ಳದ ಥರ: ಕಲ್ಲು, ಪೊದೆ, ಮರ. ಬೇಸಿಗೆಯಲ್ಲಿ ಮಕ್ಕಳು ಅದರಲ್ಲೇ ಆಡ್ತಾರೆ.

ಡೇವಿಸ್‌ನಲ್ಲಿ ವರ್ಷಕ್ಕೆ ಬೀಳೋದು 450–480 ಮಿ.ಮೀ. ಆಸುಪಾಸು. ಹೆಚ್ಚಿನದೆಲ್ಲ ನವೆಂಬರ್‌ನಿಂದ ಮಾರ್ಚ್ ಒಳಗೆ. ಇದನ್ನ ನೆನಪಲ್ಲಿ ಇಟ್ಕೊಂಡು ಮುಂದಿನ ಮಾತು ಆಡೋಣ, ಯಾಕಂದ್ರೆ ಬೆಂಗಳೂರಿಗೆ ಅದರ ಎರಡರಷ್ಟು ಬೀಳುತ್ತೆ, ಅದೂ ಒಂದೊಂದು ಸಂಜೆ ಒಟ್ಟಿಗೇ ಸುರಿಯುತ್ತೆ.

ಕಟ್ಟೆಪುರಾಣ

1984ರಲ್ಲಿ ಫ್ರಾನ್ಸ್ ಅಧ್ಯಕ್ಷ ಮಿತ್ತರಾಂ ಬಂದು ನೋಡಿ ಹೋದ ಲೇಔಟ್ ಇದೇ ಅಲ್ವಾ?

ಮಳೆಲೆಕ್ಕ

ಹೌದು, ಇದೇ.

ಎರೆಮಣ್ಣು_ಗದಗ

ಒಡ್ಡಿನ ಲೆಕ್ಕ ಸರಿಯಾಗಿ ಹೇಳ್ರಿ, ಅದ್ರಾಗ ಎಲ್ಲಾರೂ ತಪ್ಪತಾರ. ಹೊಲದಾಗ ಬದು ಹಾಕೋ ಲೆಕ್ಕಾನ ಇದು. ಕೆಳಗಿನ ಒಡ್ಡಿನ ತಲಿ, ಮ್ಯಾಲಿನ ಒಡ್ಡಿನ ಬುಡದ ಮಟ್ಟಕ್ಕ ಬರಬೇಕು. ಒಡ್ಡಿನ ಎತ್ತರಾನ ವಾಟದಿಂದ ಭಾಗಿಸಿದ್ರ ಅಂತರ ಸಿಗತೈತಿ. 15 ಸೆಂ.ಮೀ. ಒಡ್ಡು, ನೂರಕ್ಕ ಒಂದು ವಾಟ: ಅಂತರ 15 ಮೀಟರ್. ವಾಟ ನೂರಕ್ಕ ಎರಡಾದ್ರ ಏಳೂವರೆ ಮೀಟರ್‌ಗೊಂದು ಬೇಕು. ಇದಕ್ಕಿಂತ ದೂರ ಹಾಕಿದ್ರ ನಡುವಿನ ನೆಲ ಕೊಚ್ಚತೈತಿ. ಎತ್ತರ ಮಾಡಿದ್ರ ನೀರು ಒಡ್ಡಿನ ಬಾಜೂಲಿಂದ ಸುತ್ತಿಕೊಂಡು ಹೋಗಿ ದಂಡಿ ಕಡೀತದ. ಅದಕ್ಕ ಒಡ್ಡಿನ ನಡುವು ತಗ್ಗಿರಬೇಕು, ಎರಡೂ ಕಡೆ ರೆಕ್ಕಿ ದಂಡಿಯೊಳಗ ಹೂತಿರಬೇಕು.

ಕಾಲುವಿ ದಂಡಿ ಕಡಿದಾಗಿರಬಾರದು. ಒಂದು ಅಡಿ ಆಳಕ್ಕ ಕಡಿಮಿ ಅಂದ್ರ ಮೂರು ಅಡಿ ಇಳಿಜಾರು. ಹುಲ್ಲು ನಿಲ್ಲೋದು, ಕೊಯ್ಯಲಿಕ್ಕೆ ಮಷಿನ್ ಓಡೋದು ಆವಾಗಷ್ಟ.

ತೆಂಕಣಗಾಳಿ

ಆದರೆ ಡೇವಿಸ್ ಮಣ್ಣು ಮರಳಲ್ಲ, ಹೂಳು ಮತ್ತು ಜೇಡಿ. ಜೇಡಿಯಲ್ಲಿ ಗಂಟೆಗೆ ಕೆಲವೇ ಮಿ.ಮೀ. ಇಂಗೋದು. ಹಾಗಿದ್ದ ಮೇಲೆ "ಎಲ್ಲಾ ಇಂಗಿ ಹೋಗುತ್ತೆ" ಅನ್ನೋ ಮಾತು ನಂಬೋದು ಕಷ್ಟ.

ಮಳೆಲೆಕ್ಕ

ಎಲ್ಲಾ ಇಂಗುತ್ತೆ ಅಂತ ಯಾರೂ ಹೇಳಿಲ್ಲ. ಇಂಗಿಸೋದು ಒಂದು ಭಾಗ, ನಿಲ್ಲಿಸಿ ಬಿಡೋದು ಇನ್ನೊಂದು ಭಾಗ. ಅದಕ್ಕಿಂತ ಮುಖ್ಯ, ನೀರು ಹುಟ್ಟೋದನ್ನೇ ಕಡಿಮೆ ಮಾಡಿದ್ದಾರೆ. ಲೆಕ್ಕ ನೋಡಿ: ಆ ಕಾಲದ ಮಾಮೂಲಿ ರಸ್ತೆ 44 ಅಡಿ ಅಂತ ಇಟ್ಕೊಳ್ಳಿ, ಇಲ್ಲಿನದು 24 ಅಡಿ. ಪ್ರತಿ 100 ಅಡಿ ಉದ್ದಕ್ಕೆ 2,000 ಚದರಡಿ ಡಾಂಬರು ಕಮ್ಮಿ. ಒಂದು ಇಂಚು ಮಳೆಗೆ ಅಷ್ಟರಿಂದಲೇ ಸುಮಾರು 4,700 ಲೀಟರ್ ನೀರು ಕಮ್ಮಿ. 1,500 ಚದರಡಿ ಚಾವಣಿಯಿಂದ ಅದೇ ಮಳೆಗೆ ಬರೋದು 3,500 ಲೀಟರ್. ಅಂದ್ರೆ 100 ಅಡಿ ರಸ್ತೆ ಕಿರಿದು ಮಾಡಿದ್ದು ಒಂದೂಕಾಲು ಮನೆಗಿಂತ ಹೆಚ್ಚಿನ ಚಾವಣಿ ನೀರನ್ನ ಇಲ್ಲವಾಗಿಸಿದ ಹಾಗೆ. ಮೊದಲು ರಸ್ತೆ ಕಿರಿದು ಮಾಡಿ, ಆಮೇಲೆ ಇಂಗುಗುಂಡಿ ಮಾತು.

ಊರಿನ ಎಂಜಿನಿಯರ್‌ಗಳು ಆಗ ಒಪ್ಪಿರಲಿಲ್ಲ. ಕಾಲುವೆ ಕೈಕೊಟ್ಟರೆ ಮಾಮೂಲಿ ಪೈಪ್ ಹಾಕೋಕೆ ದುಡ್ಡಿರಲಿ ಅಂತ ಕಾರ್ಬೆಟ್ ದಂಪತಿ ಕೈಲಿ ಬಾಂಡ್ ಬರೆಸ್ಕೊಂಡ್ರು. ಜೋರು ಮಳೆಯಲ್ಲಿ ಕಾಲುವೆ ತಡೆದುಕೊಳ್ತು. ಪೈಪ್ ಉಳಿದಿದ್ದರಿಂದ ಪ್ರತಿ ಸೈಟಿಗೆ ಸುಮಾರು 800 ಡಾಲರ್ ಮಿಕ್ತು, ಅದನ್ನ ಗಿಡಮರ, ತೋಟಕ್ಕೆ ಹಾಕಿದ್ರು. 70ರ ದಶಕದ 800 ಡಾಲರ್ ಅಂದ್ರೆ ದೊಡ್ಡ ಮೊತ್ತ.

ಅಗ್ನಿಶಾಮಕಪ್ರಶ್ನೆ

24 ಅಡಿಗೆ ಫೈರ್ ಇಂಜಿನ್ ಹೇಗೆ ತಿರುಗಿಸ್ತಾರೆ? ನಮ್ಮಲ್ಲಿ ಇದೊಂದು ಮಾತಿಗೇ ಪ್ಲಾನ್ ವಾಪಸ್ ಬರುತ್ತೆ.

ಸೈಟ್‌ಪ್ಲಾನ್

ಅಲ್ಲೂ ಇದೇ ತಕರಾರು ಬಂತು. ರಸ್ತೆಯ ಎರಡೂ ಬದಿ ಮೂರು ಮೂರು ಅಡಿ ಜಾಗದಲ್ಲಿ ಮರ, ಗೋಡೆ, ಕಂಬ ಏನೂ ಇರಬಾರದು ಅಂತ ಷರತ್ತು ಹಾಕಿ ಒಪ್ಪಿದ್ರು. ಗಾಡಿ ಬೇಕಾದ್ರೆ ಹುಲ್ಲಿನ ಮೇಲೆ ಹತ್ತಬಹುದು. ರಸ್ತೆ ಪಕ್ಕ ಸಾಲಾಗಿ ಕಾರು ನಿಲ್ಲೋಕೆ ಬಿಡದೆ, ಅಲ್ಲಲ್ಲಿ ಪಾರ್ಕಿಂಗ್ ಬೇ ಮಾಡಿದ್ದಾರೆ. ಅಗಲ 24 ಇದ್ದರೂ ಓಡಾಟಕ್ಕೆ 24 ಪೂರ್ತಿ ಸಿಗುತ್ತೆ. ನಮ್ಮ 40 ಅಡಿ ರಸ್ತೆಯಲ್ಲಿ ಎರಡು ಬದಿ ಕಾರು, ಒಂದು ಜಲ್ಲಿ ರಾಶಿ ಕಳೆದ್ರೆ ಎಷ್ಟು ಉಳಿಯುತ್ತೆ ಅಂತ ಅಳೆದು ನೋಡಿ.

ಹಿತ್ತಲಗಿಡ

ಎಲ್ಲರೂ ನೀರಿಗೇ ಅಂಟಿಕೊಂಡ್ರಿ. ಬಿಸಿಲಿನ ಲೆಕ್ಕ ಇನ್ನೂ ಸೊಗಸಾಗಿದೆ.

ರಸ್ತೆಗಳೆಲ್ಲ ಪೂರ್ವ–ಪಶ್ಚಿಮ, ಮನೆಗಳ ದೊಡ್ಡ ಕಿಟಕಿ ದಕ್ಷಿಣಕ್ಕೆ. ಡೇವಿಸ್ ಇರೋದು 38.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ನಡುಮಧ್ಯಾಹ್ನ ಸೂರ್ಯ ದಿಗಂತದಿಂದ 28 ಡಿಗ್ರಿ ಮೇಲೆ, ಜೂನ್ 21ಕ್ಕೆ 75 ಡಿಗ್ರಿ. ಕಿಟಕಿ ಮೇಲೆ 60 ಸೆಂ.ಮೀ. ಸಜ್ಜ ಹಾಕಿದ್ರೆ ಜೂನ್‌ನಲ್ಲಿ ನೆರಳು 2.2 ಮೀಟರ್ ಕೆಳಗಿಳಿಯುತ್ತೆ, ಕಿಟಕಿ ಪೂರ್ತಿ ನೆರಳಲ್ಲಿ. ಡಿಸೆಂಬರ್‌ನಲ್ಲಿ ಬರೀ 32 ಸೆಂ.ಮೀ., ಬಿಸಿಲು ನೇರ ಒಳಗೆ. ಸಜ್ಜ ಒಂದೇ, ಕೆಲಸ ಎರಡು.

ಒಳಗೆ ಬಂದ ಬಿಸಿಲನ್ನ ಹಿಡಿದಿಡೋಕೆ ಕಾಂಕ್ರೀಟ್ ನೆಲ. ಕೆಲವು ಮನೆಗಳಲ್ಲಿ ಉಕ್ಕಿನ ದಪ್ಪ ಪೈಪ್ ನೆಟ್ಟಗೆ ನಿಲ್ಲಿಸಿ ನೀರು ತುಂಬಿಸಿದ್ದಾರೆ. 1,000 ಲೀಟರ್ ನೀರು 10 ಡಿಗ್ರಿ ಬಿಸಿಯಾದ್ರೆ ಸುಮಾರು 11.6 ಯೂನಿಟ್ ಕರೆಂಟಿನಷ್ಟು ಶಾಖ ಹಿಡಿದಿಡುತ್ತೆ. ರಾತ್ರಿಯಿಡೀ ಮೆಲ್ಲಗೆ ಬಿಡುತ್ತೆ. ಕೆಡೋದು ಎಲ್ಲಿ ಅಂದ್ರೆ: ಪೈಪಿನೊಳಗೆ ತುಕ್ಕುನಿರೋಧಕ ಹಾಕದೆ ಬಿಟ್ರೆ ಬುಡದ ಬೆಸುಗೆ ತೂತಾಗುತ್ತೆ. ಬಿಸಿಲು ಬೀಳೋ ನೆಲಕ್ಕೆ ದಪ್ಪ ಕಾರ್ಪೆಟ್ ಹಾಸಿದ್ರೆ ಶಾಖ ಕಾಂಕ್ರೀಟಿಗೆ ಮುಟ್ಟೋದೇ ಇಲ್ಲ, ಮಧ್ಯಾಹ್ನ ಕೋಣೆ ಕಾದು ರಾತ್ರಿ ತಣ್ಣಗಾಗುತ್ತೆ.

ಕಡಲತಡಿ

ಬೇಸಿಗೆಯಲ್ಲಿ ಇದೇ ನೆಲ ಮನೆ ತಂಪಿಡುತ್ತದೆ ಅಂತಲೂ ಬರೆಯುತ್ತಾರೆ. ಅದು ಮಂಗಳೂರಿಗೆ ಆಗುವ ಮಾತಲ್ಲ. ಡೇವಿಸ್‌ನಲ್ಲಿ ಜುಲೈ ಹಗಲು 34 ಡಿಗ್ರಿ, ರಾತ್ರಿ 14ರ ಹತ್ತಿರ. ಸಂಜೆ ನದಿಮುಖದ ಕಡೆಯಿಂದ ತಂಗಾಳಿ ಬರುತ್ತದೆ. ರಾತ್ರಿ ಕಿಟಕಿ ತೆರೆದು, ಬೆಳಿಗ್ಗೆ ಬಿಸಿಲೇರುವ ಮೊದಲು ಮುಚ್ಚಿದರೆ ನೆಲದ ಬಿಸಿ ಪೂರ್ತಿ ಇಳಿದಿರುತ್ತದೆ. ಕರಾವಳಿಯ ಬೇಸಿಗೆಯಲ್ಲಿ ಹಗಲು–ರಾತ್ರಿ ನಡುವೆ ಅಷ್ಟು ಅಂತರ ಇರುವುದಿಲ್ಲ, ಜೊತೆಗೆ ಸೆಕೆ. ದಪ್ಪ ಗೋಡೆ ಅಲ್ಲಿ ಬಿಸಿಯನ್ನು ಮಲಗುವ ಹೊತ್ತಿಗೆ ವಾಪಸು ಕೊಡುತ್ತದೆ ಅಷ್ಟೇ. ನಮಗೆ ಬೇಕಾದ್ದು ಗಾಳಿ, ಚಾಚಿದ ಮಾಡು.

ತೆಂಕಣಗಾಳಿ

ಬೆಂಗಳೂರಿಗೂ ದಕ್ಷಿಣದ ಕಿಟಕಿ ಲೆಕ್ಕ ಹಾಗೇ ತರೋಕಾಗಲ್ಲ. 13 ಡಿಗ್ರಿ ಅಕ್ಷಾಂಶ. ಡಿಸೆಂಬರ್ ಮಧ್ಯಾಹ್ನವೂ ಸೂರ್ಯ 53 ಡಿಗ್ರಿಗಿಂತ ಮೇಲೆ, ಏಪ್ರಿಲ್ ಕೊನೆಗೆ ನೆತ್ತಿ ಮೇಲೆ, ಜೂನ್‌ನಲ್ಲಿ ಉತ್ತರಕ್ಕೆ ದಾಟಿರ್ತಾನೆ. ಇಲ್ಲಿ ಮನೆ ಕಾಯಿಸೋದು ಚಾವಣಿ ಮತ್ತು ಪಶ್ಚಿಮದ ಗೋಡೆ. ಡೇವಿಸ್‌ನ ನಕ್ಷೆ ತಂದು ಹಾಸೋದು ಬೇಡ. ಅವರು ಕೇಳಿದ ಪ್ರಶ್ನೆಯನ್ನ ನಮ್ಮೂರಲ್ಲಿ ಕೇಳೋಣ: ಸೂರ್ಯ ಯಾವ ತಿಂಗಳು ಎಲ್ಲಿರ್ತಾನೆ?

ಹಿತ್ತಲಗಿಡ

ಒಪ್ಪಿದೆ. ಒಂದು ಸೇರಿಸ್ತೀನಿ. ಬಿಸಿಲಿನ ಹಕ್ಕನ್ನ ಅವರು ಬಾಯಿಮಾತಿಗೆ ಬಿಟ್ಟಿಲ್ಲ. ಮನೆ ಕೊಳ್ಳೋವಾಗ ಸಹಿ ಹಾಕೋ ನಿಯಮಗಳಲ್ಲೇ ಪಕ್ಕದವರ ಬಿಸಿಲಿಗೆ ಅಡ್ಡ ಬರಬಾರದು ಅಂತಿದೆ. ಆಮೇಲೆ 1978ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವೇ ಸೌರಹಕ್ಕಿನ ಕಾಯ್ದೆ, ಸೌರಫಲಕಕ್ಕೆ ಮರದ ನೆರಳು ಬೀಳದಂತೆ ತಡೆಯೋ ಕಾಯ್ದೆ ಎರಡನ್ನೂ ತಂತು. 28 ಡಿಗ್ರಿ ಬಿಸಿಲಲ್ಲಿ 5 ಮೀಟರ್ ಎತ್ತರದ ಗೋಡೆ ಒಂಬತ್ತೂವರೆ ಮೀಟರ್ ನೆರಳು ಚೆಲ್ಲುತ್ತೆ. ನಿಯಮ ಇಲ್ಲದಿದ್ರೆ ಪಕ್ಕದವನ ಒಂದು ಮಹಡಿಗೆ ಇಡೀ ವ್ಯವಸ್ಥೆ ಸತ್ತ ಹಾಗೆ.

ಎಲೆ ಉದುರಿಸೋ ಮರ ದಕ್ಷಿಣಕ್ಕೆ ನೆಟ್ರೆ ಚಳಿಗಾಲದಲ್ಲಿ ಬಿಸಿಲು ಪೂರ್ತಿ ಬರುತ್ತೆ ಅನ್ನೋದೂ ತಪ್ಪು. ಬೋಳು ಕೊಂಬೆಗಳೇ ಮೂರನೇ ಒಂದು ಭಾಗದಷ್ಟು ತಡೀತವೆ. ಮರ ಪಶ್ಚಿಮಕ್ಕಿರಲಿ.

ಕಟ್ಟೆಪುರಾಣ

ಇದು ಕಮ್ಯೂನ್ ತಾನೇ? ಎಲ್ಲಾ ಸೇರಿ ಅಡುಗೆ, ಊಟ ಅಂತ ಓದಿದ ನೆನಪು.

ಸೈಟ್‌ಪ್ಲಾನ್

ಅಲ್ಲ. ಅದು ಕೋಹೌಸಿಂಗ್, ಬೇರೆ. ಅದೂ ಡೇವಿಸ್‌ನಲ್ಲೇ ಇರೋದ್ರಿಂದ ಗೊಂದಲ ಆಗುತ್ತೆ. ಎನ್ ಸ್ಟ್ರೀಟ್ ಅನ್ನೋ ಕಡೆ 1986ರಲ್ಲಿ ಇದ್ದ ಮನೆಗಳ ನಡುವಿನ ಬೇಲಿ ಕಿತ್ತು ಒಂದಾದ್ರು. ಮ್ಯೂಯರ್ ಕಾಮನ್ಸ್ 1991ರಲ್ಲಿ ಹೊಸದಾಗಿ ಕಟ್ಟಿದ್ದು, 26 ಮನೆ. ಅಲ್ಲಿ ಸಾಮೂಹಿಕ ಅಡುಗೆಮನೆ ಉಂಟು. ವಿಲೇಜ್ ಹೋಮ್ಸ್‌ನಲ್ಲಿ ಮನೆ ನಿಮ್ಮದು, ಅಡುಗೆ ನಿಮ್ಮದು, ಸಾಲ ನಿಮ್ಮದು. ಹಂಚಿಕೊಳ್ಳೋದು ಹಿತ್ತಲು, ತೋಟ, ಈಜುಕೊಳ, ಸಮುದಾಯ ಭವನ. ಎಂಟೆಂಟು ಮನೆಗೆ ಒಂದು ಹಂಚಿಕೊಂಡ ಅಂಗಳ. ಅದರಲ್ಲಿ ಹುಲ್ಲು ಬೇಕೋ, ತರಕಾರಿ ಬೇಕೋ ಅಂತ ಆ ಎಂಟು ಮನೆಯವರೇ ತೀರ್ಮಾನ ಮಾಡ್ಕೋಬೇಕು. ಬೇಲಿ ಹಾಕೋ ಆಸೆ ಇದ್ರೆ ರಸ್ತೆ ಕಡೆ ಮಾತ್ರ.

ತೋಟದಮನೆ

ತೋಟ ಅಂದ ಕೂಡಲೇ ಹಣ್ಣು ತಾನಾಗಿ ಬರುತ್ತೆ ಅಂತ ತಿಳೀಬೇಡಿ. ಅಲ್ಲಿ ಬಾದಾಮಿ, ದ್ರಾಕ್ಷಿ, ಕಿತ್ತಳೆ, ಏಪ್ರಿಕಾಟ್, ಪರ್ಸಿಮನ್, ದಾಳಿಂಬೆ ಎಲ್ಲಾ ಇವೆ. ಬಾದಾಮಿ ಒಂದನ್ನೇ ತಗೊಳ್ಳಿ. ಫೆಬ್ರವರಿಯಲ್ಲಿ ಹೂ. ಹೆಚ್ಚಿನ ತಳಿಗಳು ತಮ್ಮದೇ ಪರಾಗಕ್ಕೆ ಕಾಯಿ ಕಟ್ಟಲ್ಲ, ಪಕ್ಕದಲ್ಲಿ ಬೇರೆ ತಳಿ ಬೇಕು, ಜೇನು ಬೇಕು. ಹೂ ಹೊತ್ತಲ್ಲಿ ಜಿಟಿಜಿಟಿ ಮಳೆ ಹಿಡಿದ್ರೆ ಜೇನು ಗೂಡು ಬಿಡಲ್ಲ, ಆ ವರ್ಷದ ಫಸಲು ಹೋಯ್ತು.

ಆಗಸ್ಟ್ ಕೊನೆಯಿಂದ ಹೊರಸಿಪ್ಪೆ ಬಿರಿಯುತ್ತೆ. ಬುಡಕ್ಕೆ ಟಾರ್ಪಾಲ್ ಹಾಸಿ, ಉದ್ದ ಗಳದಿಂದ ಕೊಂಬೆ ಬಡಿದು ಉದುರಿಸೋದು, ಸಿಪ್ಪೆ ಬಿಡಿಸಿ ಒಣಗಿಸೋದು. ಒಳಗಿನ ಬೀಜ ಬಾಗದೆ ಪಟ್ ಅಂತ ಮುರೀಬೇಕು, ಅಲ್ಲಿತನಕ ಮೂಟೆ ಕಟ್ಟಬಾರದು, ಬೂಷ್ಟು ಹಿಡಿಯುತ್ತೆ. ಕಷ್ಟದ ಕೆಲಸ ಇದಾದ ಮೇಲೆ ಬರೋದು. ಮರದಲ್ಲೇ ಒಣಗಿ ನೇತಾಡೋ ಕಾಯಿಗಳೊಳಗೆ ಒಂದು ಹುಳ ಚಳಿಗಾಲ ಕಳೆಯುತ್ತೆ. ಫೆಬ್ರವರಿ ಒಳಗೆ ಅವನ್ನ ಒಂದೂ ಬಿಡದೆ ಬಡಿದು ಹಾಕಿ ಪುಡಿ ಮಾಡಬೇಕು. ಕೊಯ್ಲಿಗೆ ಎಲ್ಲರೂ ಬರ್ತಾರೆ, ಜನವರಿ ಚಳಿಯಲ್ಲಿ ಈ ಕೆಲಸಕ್ಕೆ ಬರೋರು ಕಡಿಮೆ. ಹಂಚಿಕೊಂಡ ತೋಟ ಉಳಿಯೋದೂ ಅಳಿಯೋದೂ ಅಲ್ಲೇ.

ಎರೆಮಣ್ಣು_ಗದಗ

ಭಾಳ ಖರೇ ಮಾತು.

ಅಗ್ನಿಶಾಮಕಪ್ರಶ್ನೆ

ಸೊಳ್ಳೆ ವಿಷಯ ಯಾರೂ ಎತ್ತಲಿಲ್ಲ. ಹಿತ್ತಲಲ್ಲಿ ನೀರು ನಿಲ್ಲಿಸೋದು ಅಂದ್ರೆ ಡೆಂಗಿಗೆ ಆಹ್ವಾನ ಕೊಟ್ಟಂಗೆ.

ಮಳೆಲೆಕ್ಕ

ಮೊಟ್ಟೆಯಿಂದ ಸೊಳ್ಳೆ ಹಾರೋಕೆ ಹೆಚ್ಚುಕಮ್ಮಿ ಒಂದು ವಾರ ಬೇಕು. ಕಾಲುವೆ ಎರಡು–ಮೂರು ದಿನದೊಳಗೆ ಒಣಗೋ ಹಾಗಿದ್ರೆ ತೊಂದರೆ ಇಲ್ಲ. ಒಣಗದಿದ್ರೆ ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು: ವಾಟ ತಪ್ಪಿ ನಡುವೆ ಗುಂಡಿ ಬಿದ್ದಿರುತ್ತೆ, ಇಲ್ಲಾ ಎಲೆ, ಹೂಳು ಒಡ್ಡಿನ ಹಿಂದೆ ಗಟ್ಟಿಯಾಗಿರುತ್ತೆ, ಇಲ್ಲಾ ಕಟ್ಟೋ ಕಾಲದಲ್ಲಿ ಜೆಸಿಬಿ ಓಡಾಡಿ ಮಣ್ಣು ದಮ್ಮಸ್ಸು ಆಗಿರುತ್ತೆ. ಮೂರನೆಯದೇ ಹೆಚ್ಚು, ಮತ್ತೆ ಅದು ಕಣ್ಣಿಗೆ ಕಾಣಲ್ಲ.

ಪರೀಕ್ಷೆ ಸುಲಭ. ಒಂದಡಿ ಅಗಲ, ಒಂದಡಿ ಆಳ ಗುಂಡಿ ತೋಡಿ ನೀರು ತುಂಬಿ ಇಂಗೋಕೆ ಬಿಡಿ. ಮತ್ತೆ ತುಂಬಿ, ಒಳಗೆ ಸ್ಕೇಲ್ ನಿಲ್ಲಿಸಿ ಗಂಟೆಗೆ ಎಷ್ಟು ಇಳೀತು ಅಂತ ಬರೆದಿಡಿ. ಮೊದಲ ಸಲದ ಲೆಕ್ಕ ಹಿಡೀಬೇಡಿ, ಒಣಮಣ್ಣು ಕುಡಿಯೋದೇ ಬೇರೆ. ಗಂಟೆಗೆ 10 ಮಿ.ಮೀ.ಗಿಂತ ಕಡಿಮೆ ಇದ್ರೆ ಬರೀ ಇಂಗಿಸೋದನ್ನ ನಂಬಬೇಡಿ, ಉಳಿದದ್ದು ಹೊರಗೆ ಹೋಗೋ ದಾರಿ ಮೊದಲು ಮಾಡಿ.

ಕಡಲತಡಿ

ಗೀಸರ್ ಬಗ್ಗೆಯೂ ಒಂದು ಮಾತು. ಅಲ್ಲಿ ಶುರುವಿನಿಂದಲೇ ಚಾವಣಿ ಮೇಲೆ ಸೋಲಾರ್ ವಾಟರ್ ಹೀಟರ್. ಡೇವಿಸ್ ದಶಕಗಳ ಕಾಲ ಬಾವಿ ನೀರಿನ ಊರು, ಗಡಸು ನೀರು. ಸ್ಯಾಕ್ರಮೆಂಟೊ ನದಿ ನೀರು ಬಂದದ್ದು 2016ರಲ್ಲಿ. ಗಡಸು ನೀರು ಕಾಯಿಸಿದರೆ ಪೈಪಿನೊಳಗೆ ಬಿಳಿ ಪದರ ಕಟ್ಟುತ್ತದೆ. ಬೆಂಗಳೂರಿನ ಬೋರ್‌ವೆಲ್ ಮನೆಗಳ ಸೋಲಾರ್‌ನಲ್ಲಿ ಆಗುವುದು ಇದೇ. ನೀರಿನ ಗಡಸು ತೆಗೆಯುವ ವ್ಯವಸ್ಥೆ ಇಲ್ಲದಿದ್ದರೆ ವರ್ಷಕ್ಕೊಮ್ಮೆ ಬಿಚ್ಚಿ ತೊಳೆಯಲೇಬೇಕು.

ಸೈಟ್‌ಪ್ಲಾನ್

ನನ್ನ ಎರಡನೇ ಪ್ರಶ್ನೆ ಹಾಗೇ ಉಳೀತು. ಇದು ಯಾಕೆ ಹಬ್ಬಲಿಲ್ಲ?

ತೆಂಕಣಗಾಳಿ

ದಟ್ಟಣೆ. 70 ಎಕರೆಗೆ 240 ಮನೆ ಅಂದ್ರೆ ಎಕರೆಗೆ ಮೂರೂವರೆ. ಭೂಮಿ ಬೆಲೆ ಏರಿದ ಮೇಲೆ ಯಾವ ಡೆವಲಪರ್ ಇದನ್ನ ಮಾಡ್ತಾನೆ? ಶುರುವಿನಲ್ಲಿ ಕಟ್ಟಡ ಕೆಲಸದವರಿಗೆ ದುಡಿಮೆಯನ್ನೇ ಬಂಡವಾಳ ಮಾಡ್ಕೊಂಡು ಮನೆ ಸಿಗೋ ಅವಕಾಶ ಇತ್ತು. ಈಗ ಆ ಮನೆ ಮಾರಾಟಕ್ಕೆ ಬಂದ್ರೆ ಆ ವರ್ಗದವರು ಹತ್ತಿರ ಹೋಗೋಕೂ ಆಗಲ್ಲ. ಚೆನ್ನಾಗಿ ಕಟ್ಟಿದ್ದಕ್ಕೇ ದುಬಾರಿ ಆಯ್ತು, ಇದು ಬೇಸರದ ವಿಷಯ.

ಮಳೆಲೆಕ್ಕ

ದಟ್ಟಣೆ ಪೂರ್ತಿ ಕಾರಣ ಅಲ್ಲ. ಸೈಟುಗಳು ಅಲ್ಲಿ ಚಿಕ್ಕವೇ, 4,000 ಚದರಡಿ ಆಸುಪಾಸು, ಅಮೆರಿಕದ ಲೆಕ್ಕಕ್ಕೆ ಸಣ್ಣದು. ಸೈಟು ಚಿಕ್ಕದು ಮಾಡಿ ಉಳಿದದ್ದನ್ನ ಒಟ್ಟಿಗೆ ಸೇರಿಸಿದ್ದಾರೆ. ಮುಖ್ಯ ಕಾರಣ ಒಡೆತನ. ಕಾಲುವೆ, ತೋಟ, ಅಂಗಳ ಎಲ್ಲಾ ವಿಲೇಜ್ ಹೋಮ್‌ಓನರ್ಸ್ ಅಸೋಸಿಯೇಷನ್ ಹೆಸರಲ್ಲಿ. ಪ್ರತಿ ಮನೆಯೂ ತಿಂಗಳ ಶುಲ್ಕ ಕೊಡುತ್ತೆ, ಆ ದುಡ್ಡಲ್ಲಿ ತೋಟದವರು ಕೆಲಸ ಮಾಡ್ತಾರೆ. ಕಾಲುವೆ ಕಟ್ಟಿಕೊಂಡ್ರೆ ನೀರು ನುಗ್ಗೋದು ಅವರ ಮನೆಗೇ, ಅದಕ್ಕೇ ಯಾರಾದ್ರೂ ಎಲೆ ತೆಗೀತಾರೆ.

ಕರ್ನಾಟಕದಲ್ಲಿ ಲೇಔಟ್ ಒಪ್ಪಿಗೆ ಬೇಕಾದ್ರೆ ರಸ್ತೆ, ಉದ್ಯಾನ, ತೆರೆದ ಜಾಗಗಳನ್ನ ಪ್ರಾಧಿಕಾರಕ್ಕೆ ರಿಲಿಂಕ್ವಿಷ್‌ಮೆಂಟ್ ಡೀಡ್ (ಹಕ್ಕು ಬಿಟ್ಟುಕೊಡೋ ಪತ್ರ) ಮಾಡಿ ಬರೆದುಕೊಡಬೇಕು. ಸಾರ್ವಜನಿಕ ಜಾಗ ಉಳಿಯಲಿ ಅನ್ನೋದು ಒಳ್ಳೆ ಉದ್ದೇಶವೇ. ಆದ್ರೆ ಅದರ ಪರಿಣಾಮ: ನೀರು ಹರಿಯೋ ಜಾಗ ನಿವಾಸಿಗಳ ಕೈಲಿರಲ್ಲ, ಅವರು ಒಡ್ಡು ಹಾಕೋಹಾಗಿಲ್ಲ, ಹಣ್ಣಿನ ಮರ ನೆಡೋಹಾಗಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆ ಕಡೆ ಲೇಔಟ್‌ಗಳಿಂದ ಜನರನ್ನ ಟ್ರ್ಯಾಕ್ಟರ್‌ನಲ್ಲಿ ಸಾಗಿಸಬೇಕಾಯ್ತಲ್ಲ, ಅಲ್ಲಿ ರಾಜಕಾಲುವೆಯ ಮೇಲ್ಭಾಗ ಒಬ್ಬರದು, ಕೆಳಭಾಗ ಇನ್ನೊಬ್ಬರದು, ನಡುವೆ ನೋಡ್ಕೊಳ್ಳೋರು ಇಲ್ಲ.

ತೋಟದಮನೆ

ಹಾಗಾದ್ರೆ ನಮ್ಮಲ್ಲಿ ಏನೂ ಮಾಡೋಕಾಗಲ್ಲ ಅಂತಾನಾ? ಹಿಂದೆ ಹಿಂದೆ ಅಂಟಿಕೊಂಡಿರೋ ನಾಲ್ಕು ಸೈಟಿನವರು ಒಪ್ಪಿದ್ರೆ?

ಮಳೆಲೆಕ್ಕ

ಆಗುತ್ತೆ. ಹಿಂಬದಿಯ ಸೆಟ್‌ಬ್ಯಾಕ್ ಹೇಗಿದ್ರೂ ಖಾಲಿ ಬಿಡಬೇಕು. ಎರಡು ಕಡೆಯದು ಸೇರಿಸಿದ್ರೆ ಒಂದು ಕಾಲುವೆಗೆ ಜಾಗ ಆಯ್ತು. ನಡುವಿನ ಕಾಂಪೌಂಡ್ ಬದಲು ತಂತಿ ಬೇಲಿ, ಅಥವಾ ಗೋಡೆಯ ಬುಡದಲ್ಲಿ ನೀರು ದಾಟೋ ಕಿಂಡಿಗಳು. ಪಾಯದ ಪಕ್ಕ ಮಾತ್ರ ನೀರು ನಿಲ್ಲಬಾರದು: ಗೋಡೆಯಿಂದ ಮೊದಲ 10 ಅಡಿಗೆ ಆರಿಂಚು ಇಳಿಜಾರು ಇರಬೇಕು ಅನ್ನೋದು ಅಮೆರಿಕದ ಮನೆ ಕೋಡ್. ಅಷ್ಟು ಜಾಗ ಇಲ್ಲದ 30–40ರ ಸೈಟಲ್ಲಿ ಗೋಡೆ ಪಕ್ಕ ಎರಡಡಿ ಕಾಂಕ್ರೀಟ್ ಪಟ್ಟಿ ಹಾಕಿ, ಅದರಾಚೆ ಕಾಲುವೆ ತೆಗೀರಿ. ನಾಲ್ಕೂ ಮನೆಯವರು ನೋಂದಣಿ ಮಾಡಿದ ಕರಾರು ಬರ್ಕೊಳ್ಳಿ. ಇಲ್ಲಾಂದ್ರೆ ಒಂದು ಮನೆ ಮಾರಾಟ ಆದ ದಿನವೇ ಹೊಸಬರು ಕಾಂಪೌಂಡ್ ಎಬ್ಬಿಸ್ತಾರೆ.

ಎರೆಮಣ್ಣು_ಗದಗ

ವಾಟ ಹಿಡಿಯಾಕ ಲೇಸರ್ ಮಷಿನ್ ಏನ್ ಬ್ಯಾಡ್ರಿ. ಗವಂಡ್ಯಾರ ಕಡೆ ಇರತೈತಲ್ಲ ಲೆವೆಲ್ ಪೈಪ್, ಅದ ಸಾಕು. ಎರಡು ಗೂಟ 10 ಮೀಟರ್ ದೂರ ನೆಡ್ರಿ, ಪೈಪಿನ ಎರಡೂ ತುದಿ ಗೂಟಕ್ಕ ಹಿಡಿದು ನೀರು ನಿಂತಲ್ಲಿ ಗೆರಿ ಹಾಕ್ರಿ. ಕೆಳಗಿನ ಗೂಟದಾಗ ಗೆರಿಯಿಂದ 10 ಸೆಂ.ಮೀ. ಇಳಿಸಿ ಇನ್ನೊಂದು ಗೆರಿ. ನೂರಕ್ಕ ಒಂದು ವಾಟ ಆತು. ಪೈಪಿನಾಗ ಗಾಳಿಗುಳ್ಳಿ ಅದಾವೇನು ಅಂತ ಮೊದಲ ನೋಡಕೋಬೇಕು. ಒಂದು ಗುಳ್ಳಿ ಉಳದ್ರೂ ಎರಡು–ಮೂರು ಸೆಂ.ಮೀ. ಫರಕ ಬೀಳತೈತಿ, ನೀರು ವಾಪಸ್ ಪಾಯದ ಕಡೆ ತಿರಗತೈತಿ.

ತೋಟದಮನೆ

ಗುಳ್ಳೆ ಹೋಗಿಸೋದು ಹೇಗೆ?

ಎರೆಮಣ್ಣು_ಗದಗ

ಬಕೆಟ್ ಎತ್ತರಕ್ಕಿಟ್ಟು, ಒಂದು ತುದಿ ಅದರಾಗ ಮುಳುಗಿಸಿ, ಇನ್ನೊಂದು ತುದಿಯಿಂದ ನೀರು ಒಂದೇ ಧಾರಿಯಾಗಿ ಸುರಿಯೋತನಕ ಬಿಡ್ರಿ. ಆಮ್ಯಾಲ ಎರಡೂ ತುದಿ ಒಂದಕ್ಕೊಂದು ಹಚ್ಚಿ ಹಿಡೀರಿ. ನೀರು ಎರಡರಾಗೂ ಒಂದ ಮಟ್ಟಕ್ಕ ನಿಂತ್ರ ಪೈಪ್ ಸರಿ ಐತಿ.